ದಡದಲ್ಲಿಟ್ಟ ಹಣ

ನನ್ನ ಗಂಡ ಮಲ್ಪೆಯ ಬೋಟಿನಲ್ಲಿ ಮೀನು ಹಿಡಿಯುವವರು. ಸಂಬಳವಿಲ್ಲ, ಪಾಲು. ಬಲೆ ತುಂಬಿದರೆ ಕೈತುಂಬ ದುಡ್ಡು, ಇಲ್ಲದಿದ್ದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಹೆಚ್ಚು ಲಾಭಕ್ಕೆ ಹೊರಟವನು ಬರಿಗೈಯಲ್ಲಿ ಬಂದಾನೆಂದು ನಮ್ಮೂರು ಉಚ್ಚಿಲದಲ್ಲಿ ಯಾರಿಗೂ ಪಾಠ ಹೇಳಬೇಕಾಗಿಲ್ಲ. ಅದಕ್ಕೇ ಉಳಿಸಿದ್ದನ್ನಾದರೂ ಅಲುಗಾಡದ ಕಡೆ ಇಡಬೇಕೆಂಬುದು ನನ್ನ ಹಟವಾಗಿತ್ತು. ಮಗಳು ಮಣಿಪಾಲದಲ್ಲಿ ನರ್ಸಿಂಗ್ ಓದಬೇಕಿತ್ತು, ಹಣ ಅದಕ್ಕೆ.

ಕಾರ್ಕಳದಲ್ಲಿರುವ ನನ್ನ ಸೋದರಮಾವ ಬ್ಯಾಂಕಿನಿಂದ ನಿವೃತ್ತರಾಗಿ ಮ್ಯೂಚುವಲ್ ಫಂಡ್ ಏಜೆಂಟರಾಗಿದ್ದರು. ತಾಯಿಯ ಅಣ್ಣನ ಮಾತೆಂದರೆ ನಮ್ಮಲ್ಲಿ ಅದೇ ಕೊನೆ.

"ಮಾವ, ಬಡ್ಡಿ ಕಡಿಮೆಯಾದರೂ ಅಡ್ಡಿಯಿಲ್ಲ. ಮುಂದಿನ ವರ್ಷ ಫೀಸು ಕಟ್ಟಲಿಕ್ಕೆ ಉಂಟು. ಮುಳುಗದ ಕಡೆ ಹಾಕಿ."

"ಎಂತಕ್ಕೆ ಹೆದರುವುದು? ನಾನಿಲ್ವಾ?"

ಅವರು ತೋರಿಸಿದಲ್ಲೆಲ್ಲ ಸಹಿ ಹಾಕಿದೆ. ಮಾರ್ಕೆಟ್ಟಿನಲ್ಲಿ ಕಿವಿರು ಎತ್ತಿ ನೋಡದೆ ಒಂದು ಬಂಗುಡೆ ಮೀನನ್ನೂ ಕೊಳ್ಳದವಳು ನಾನು. ಆದರೆ ಇದರಲ್ಲಿ ಏನಿದೆ ಎಂದು ಮಾವನನ್ನು ಕೇಳಿದರೆ ಅವರ ಮರ್ಯಾದೆ ತೆಗೆದಂತೆ.

ಮಳೆಗಾಲ ಬಂತು, ಬೋಟುಗಳು ದಡ ಸೇರಿದವು, ಮಗಳಿಗೆ ಸೀಟೂ ಸಿಕ್ಕಿತು. ಹಣ ತೆಗೆಯಲು ಹೋದರೆ ಅರ್ಧಕ್ಕರ್ಧ ಕರಗಿತ್ತು. ಮಾವ ಅದನ್ನು ಹಾಕಿದ್ದು ಸಣ್ಣಪುಟ್ಟ ಕಂಪೆನಿಗಳ ಶೇರಿನ ಫಂಡಿಗೆ. ಅವರಿಗೆ ಕಮಿಷನ್ ಹೆಚ್ಚು ಸಿಗುವುದು ಅದರಲ್ಲೇ ಎಂದು ಆಮೇಲೆ ತಿಳಿಯಿತು.

"ಏಳೆಂಟು ವರ್ಷ ಬಿಟ್ಟರೆ ಮೇಲೆ ಬರ್ತದೆ," ಎಂದರು ಮಾವ, ಕಾರ್ಕಳದ ಅವರ ಮನೆಗೇ ಹೋಗಿ ಕೇಳಿದಾಗ.

"ಕಾಲೇಜಿನವರು ಅಷ್ಟು ವರ್ಷ ಕಾಯ್ತಾರಾ ಮಾವ?"

ಕಾಫಿ ತಂದ ಮಾವನ ಹೆಂಡತಿ, ನನ್ನ ಅತ್ತೆ, ನನ್ನನ್ನು ಸಮಾಧಾನ ಮಾಡಲು ಹೊರಟರು. "ಈ ಶೇರಿನ ಸಹವಾಸವೇ ಬೇಡ ಮಗಾ. ಇವರು ನಮ್ಮದನ್ನೆಲ್ಲ ಬ್ಯಾಂಕಿನಲ್ಲೇ ಎಫ್‌ಡಿ ಇಟ್ಟಿದ್ದಾರೆ."

ಅಪಾಯ ಗೊತ್ತಿಲ್ಲದೆ ಹಾಕಿದ್ದರೆ ಕ್ಷಮಿಸುತ್ತಿದ್ದೆ. ಮೊದಲ ಸಲ ಅವರ ಮುಖಕ್ಕೆ ಮುಖ ಕೊಟ್ಟು ಕೇಳಿದೆ, "ನಿಮ್ಮದು ಯಾಕೆ ಹಾಕಲಿಲ್ಲ?"

ಮಾವನಿಗೆ ನಾಚಿಕೆಯೂ ಆಗಲಿಲ್ಲ. "ನಮ್ಮದು ಪಿಂಚಣಿಯ ಜೀವನ, ನಷ್ಟ ತಡೆಯಲಿಕ್ಕೆ ಆಗ್ತದಾ? ನೀವು ಕಡಲಿನವರು. ನಿಮಗೆ ಇದೆಲ್ಲ ಅಭ್ಯಾಸ ಉಂಟಲ್ವಾ?"

ಕಾಫಿ ಮುಟ್ಟದೆ ಎದ್ದು ಬಂದೆ. ಉಳಿದ ಅರ್ಧಕ್ಕೆ ನನ್ನ ಚಿನ್ನದ ಬಳೆ ಅಡವಿಟ್ಟ ಹಣ ಸೇರಿಸಿ ಈ ವರ್ಷದ ಫೀಸು ಕಟ್ಟಿದೆವು. ಮಳೆಗಾಲದಲ್ಲಿ ಮನೆಯಲ್ಲೇ ಕೂತು ಬಲೆ ಹೆಣೆಯುತ್ತಿದ್ದ ನನ್ನ ಗಂಡ ಮುಂದಿನ ವರ್ಷದ ಫೀಸಿಗಾಗಿ ಈಗ ಗಾಳಿ ಎದ್ದ ದಿನವೂ, ಬೋಟುಗಳು ನಿಂತಾಗಲೂ ಕಡಲಿಗಿಳಿಯುವ ಸಣ್ಣ ನಾಡದೋಣಿ ಹತ್ತುತ್ತಾರೆ.