ಕತ್ತು ತಿರುಗಿಸುವ ಮೊದಲು ಯಾರೂ ಕೇಳದ ಮಾತು

ನನ್ನ ಕೆಲಸ ಮರದ ಕೆತ್ತನೆ. ಸಾಗರದ ಗುಡಿಗಾರರ ಮನೆಯಲ್ಲಿ ಹುಟ್ಟಿದವಳು ನಾನು. ಅಪ್ಪನ ಪಕ್ಕದಲ್ಲಿ ಕೂತು ಉಳಿ ಹಿಡಿಯುವುದನ್ನು ಕಲಿತೆ, ಗಂಡ ತೀರಿಕೊಂಡ ಮೇಲೆ ಅದರಿಂದಲೇ ಬದುಕಿದೆ. ಚಾಪೆಯ ಮೇಲೆ ಕೂತು, ಮರದ ತುಂಡನ್ನು ಕಾಲಿನಲ್ಲಿ ಒತ್ತಿ ಹಿಡಿದು, ದಿನವಿಡೀ ತಲೆ ಬಗ್ಗಿಸಿ ಮಾಡುವ ಕೆಲಸ. ಕತ್ತು ನೋವು ನಮ್ಮವರಿಗೆ ಹೊಸದಲ್ಲ. ನನಗೂ ಬಂದಾಗ ಎಣ್ಣೆ ತಿಕ್ಕಿಕೊಂಡು ಸುಮ್ಮನಿದ್ದೆ. ಆಮೇಲೆ ಬಲಗೈಯ ಹೆಬ್ಬೆರಳು, ತೋರುಬೆರಳು ಜುಮುಜುಮು ಎನ್ನತೊಡಗಿದವು. ಅಕ್ಕಿ ಆರಿಸುವಾಗ ಕಲ್ಲು ಯಾವುದು, ಕಾಳು ಯಾವುದು ಎಂದು ಬೆರಳಿಗೆ ತಿಳಿಯದಂತಾಯಿತು.

ಆಗಲೇ ನನ್ನ ತಂಗಿ ಹೊಸನಗರದಿಂದ ಬಂದಳು. ಅವಳನ್ನು ಕೊಟ್ಟಿದ್ದು ಅಲ್ಲಿಗೆ. ಬಂದವಳೇ ಫೋನ್ ತೆಗೆದು ನನ್ನ ಮುಖಕ್ಕೆ ಹಿಡಿದಳು.

"ಅಕ್ಕಾ, ಇಲ್ನೋಡು. ಕಟಕ್ ಅಂತು, ಮುಗೀತು. ಎದ್ದು ಓಡಾಡ್ತಾ ಇದಾರೆ."

ಫೋನಿನಲ್ಲಿ ಯಾರೋ ಒಬ್ಬ ಗಟ್ಟಿಮುಟ್ಟಾದ ಆಸಾಮಿ, ಮಂಚದ ಮೇಲೆ ಮಲಗಿದವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ತಿರುಗಿಸುತ್ತಿದ್ದ. ಕೋಳಿಯ ಕತ್ತು ಮುರಿದ ಹಾಗೆ ಕೇಳುತ್ತಿತ್ತು. ಮಲಗಿದ್ದವರು ನಗುನಗುತ್ತಾ ಏಳುತ್ತಿದ್ದರು.

"ಇದಕ್ಕೆ ಕೈರೋಪ್ರಾಕ್ಟಿಕ್ ಅಂತಾರೆ. ಮಾತ್ರೆ ಇಲ್ಲ, ಆಪರೇಷನ್ ಇಲ್ಲ. ನಿಮ್ಮೂರಿಗೇ ಬರ್ತಿದಾರಂತೆ ಅಕ್ಕಾ, ಕಲ್ಯಾಣ ಮಂಟಪದಲ್ಲಿ ಶಿಬಿರ. ಎಂತಕ್ಕೆ ಹೀಗೆ ಒದ್ದಾಡ್ತೀಯೆ?"

ನೋವಿನಲ್ಲಿದ್ದವರಿಗೆ ಇಷ್ಟು ಸಾಕು. ಹೋದೆವು.

ಮಂಟಪದಲ್ಲಿ ಸಿನಿಮಾ ಹಾಡು ಹಾಕಿದ್ದರು. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಮಂಚ, ಮಂಚದ ಸುತ್ತ ದೀಪಗಳು. ಫೋನ್ ಹಿಡಿದ ಹೆಂಗಸೊಬ್ಬಳು ಅತ್ತಿಂದಿತ್ತ ಓಡಾಡುತ್ತಾ ವಿಡಿಯೋ ತೆಗೆಯುತ್ತಿದ್ದಳು. ಕುರ್ಚಿಗಳ ತುಂಬ ಜನ. ಫೋನಿನಲ್ಲಿ ಕಂಡಿದ್ದ ಆಸಾಮಿಯೇ ಅಂಗಿಗೆ ಮೈಕ್ ಸಿಕ್ಕಿಸಿಕೊಂಡು ನಿಂತಿದ್ದ. ನನ್ನ ಸರದಿ ಬಂದಾಗ ಕೇಳಿದ್ದು ಒಂದೇ ಮಾತು.

"ಎಲ್ಲಮ್ಮಾ ನೋವು?"

"ಕತ್ತಲ್ಲಿ. ಆದ್ರೆ ಈ ಕಡೆ ಬೆರಳೂ ಸ್ವಲ್ಪ…"

"ಸಾಕು ಸಾಕು, ಮಲಕ್ಕೊಳ್ಳಿ."

"ಬೆರಳಲ್ಲಿ ಸ್ಪರ್ಶ ಇಲ್ಲ ಸರ್…"

"ಮಾತಾಡ್ಬೇಡಿ ಅಮ್ಮಾ. ಮೈ ಸಡಿಲ ಬಿಡಿ. ನಂಬಿಕೆ ಇಡಿ."

ಏನು ಮಾಡುತ್ತೇನೆ ಎಂದು ಹೇಳಲಿಲ್ಲ. ಮಾಡಲೇ ಎಂದು ಕೇಳಲಿಲ್ಲ. ಮರದ ತುಂಡನ್ನು ಕೈಗೆತ್ತಿಕೊಂಡರೆ ಉಳಿ ತಾಗಿಸುವ ಮೊದಲು ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತೇನೆ, ಎಲ್ಲಿ ಬಿರುಕಿದೆ, ಎಲ್ಲಿ ಗಂಟಿದೆ ಎಂದು. ಅಷ್ಟು ಹೊತ್ತನ್ನೂ ಅವನು ನನ್ನ ಕತ್ತಿಗೆ ಕೊಡಲಿಲ್ಲ. ಗಲ್ಲಕ್ಕೆ ಒಂದು ಕೈ, ತಲೆಯ ಹಿಂದೆ ಒಂದು ಕೈ. ಒಂದೇ ಜಗ್ಗು.

ಕಟಕ್ ಎಂದಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಕತ್ತಿನಿಂದ ಬೆರಳ ತುದಿಯವರೆಗೆ ಕರೆಂಟ್ ಹೊಡೆದಂತಾಗಿ ಬಾಯಿಂದ ಅಯ್ಯೋ ಎಂದು ಹೊರಬಿತ್ತು, ಕಣ್ಣಲ್ಲಿ ನೀರು ಸುರಿಯಿತು. ತಡೆಯುವಷ್ಟರಲ್ಲಿ ಇನ್ನೊಂದು ಬದಿಗೂ ತಿರುಗಿಸಿಬಿಟ್ಟ. ಕೂತಾಗ ಮಂಟಪ ಸುತ್ತುತ್ತಿತ್ತು.

"ತಲೆ ತಿರುಗ್ತಿದೆ," ಎಂದೆ.

"ಅದು ವಿಷ ಹೊರಗೆ ಹೋಗೋದು. ಒಳ್ಳೇದು," ಎಂದು ಮೈಕಿನಲ್ಲಿ ಹೇಳಿ, ಮುಂದಿನವರನ್ನು ಕರೆದ.

ತಂಗಿ ನನ್ನನ್ನು ಒಬ್ಬಳನ್ನೇ ಬಿಡಲು ಒಪ್ಪದೆ ಹೊಸನಗರಕ್ಕೆ ಕರೆದುಕೊಂಡು ಹೋದಳು. ಬಸ್ಸಿನಲ್ಲಿ ವಾಂತಿಯಾಯಿತು. ಮಾರನೇ ದಿನ ಬೆಳಿಗ್ಗೆ ಕಾಫಿ ಲೋಟ ಎತ್ತಲು ಹೋದೆ; ಲೋಟ ಜಾರಿ ಮಡಿಲಿಗೆ ಬಿತ್ತು. ಬಿಸಿ ಕಾಫಿ ತೊಡೆ ಸುಟ್ಟಿದ್ದು ಗೊತ್ತಾಯಿತು, ಆದರೆ ಬೆರಳಿಗೆ ಲೋಟ ಹಿಡಿದದ್ದೂ ಗೊತ್ತಾಗಿರಲಿಲ್ಲ, ಬಿಟ್ಟದ್ದೂ ಗೊತ್ತಾಗಿರಲಿಲ್ಲ. ತಂಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವಳ ಗಂಡ ಪೇಪರ್ ಮಡಿಸುತ್ತಾ ಹೇಳಿದ:

"ನೀವು ಮೈ ಬಿಗಿ ಹಿಡಿದಿರ್ಬೇಕು ಅತ್ತಿಗೆ. ಸಡಿಲ ಬಿಟ್ಟಿದ್ರೆ ಎಂತೂ ಆಗ್ತಿರ್ಲಿಲ್ಲ."

ಆವತ್ತು ನನ್ನೊಳಗೆ ಹೊತ್ತಿಕೊಂಡದ್ದು ಇನ್ನೂ ಆರಿಲ್ಲ. ಕತ್ತು ನನ್ನದು, ಜಗ್ಗಿದವನು ಅವನು. ತಪ್ಪು ಮಾತ್ರ ನನ್ನದಾಯಿತು!

ತೀರ್ಥಹಳ್ಳಿಯಲ್ಲಿ ಮೂಳೆ ಡಾಕ್ಟರೊಬ್ಬರಿದ್ದಾರೆ, ಹೆಣ್ಣುಮಗಳು. ತಂಗಿ ಅವರ ಬಳಿ ಕರೆದೊಯ್ದಳು. ಅವರು ನನ್ನನ್ನು ಮುಟ್ಟುವ ಮೊದಲು ಕೇಳುತ್ತಲೇ ಹೋದರು. ಯಾವ ಬೆರಳು, ಯಾವಾಗಿನಿಂದ, ಹಿಂದೆ ಮೂಳೆ ಮುರಿದಿತ್ತೇ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತೀರಾ, ತಲೆ ಸುತ್ತು ಇತ್ತೇ, ನಡೆಯುವಾಗ ಕಾಲು ಎಡವುತ್ತದೆಯೇ. ಪುಟ್ಟ ಸುತ್ತಿಗೆಯಲ್ಲಿ ಮೊಣಕೈ ತಟ್ಟಿ ನೋಡಿದರು. ಆಮೇಲೆ ಶಿವಮೊಗ್ಗಕ್ಕೆ ಕಳಿಸಿ ಸ್ಕ್ಯಾನ್ ಮಾಡಿಸಿದರು.

"ಕತ್ತಿನ ಎಲುಬುಗಳ ಮಧ್ಯೆ ಮೆತ್ತೆ ಥರ ಡಿಸ್ಕ್ ಇರ್ತದೆ. ನಿಮ್ಮದು ಮೊದ್ಲೇ ಜಾರಿ ನರಕ್ಕೆ ತಾಗಿತ್ತು. ಬೆರಳು ಜುಮು ಅಂದಿದ್ದು ಅದಕ್ಕೇ. ಈಗ ಇನ್ನೂ ಒತ್ತಿದೆ."

"ಹಾಗಾದ್ರೆ ಅದೆಲ್ಲ ಮೋಸನಾ ಡಾಕ್ಟ್ರೇ?" ಎಂದು ತಂಗಿ ಕೇಳಿದಳು.

"ಹಾಗೆ ಹೇಳಲ್ಲ. ಅದನ್ನ ವರ್ಷಗಟ್ಟಲೆ ಓದಿ ಮಾಡೋರು ಇದಾರೆ. ಸೊಂಟ ನೋವಿಗೆ ಕೆಲವರಿಗೆ ಆರಾಮ ಆಗಿದ್ದೂ ಉಂಟು. ಆದ್ರೆ ಓದಿದವರು ಮೊದ್ಲು ಕೂತು ಕೇಳ್ತಾರೆ, ಪರೀಕ್ಷೆ ಮಾಡ್ತಾರೆ. ಯಾರನ್ನ ಮುಟ್ಟಬಾರ್ದು ಅಂತ ಅವರಿಗೆ ಗೊತ್ತಿರ್ತದೆ. ನಿಮ್ಮ ಬೆರಳಿನ ಕಥೆ ಕೇಳಿದ್ರೆ ಯಾರೂ ಆ ಥರ ಕತ್ತು ತಿರುಗಿಸ್ತಿರ್ಲಿಲ್ಲ. ಕತ್ತಲ್ಲಿ ಮಿದುಳಿಗೆ ಹೋಗೋ ರಕ್ತನಾಳ ಇದೆ. ಅಪರೂಪಕ್ಕೆ ಅದು ಸೀಳಿ ಸ್ಟ್ರೋಕ್ ಆಗಿಬಿಡ್ತದೆ. ಅಪರೂಪವೇ, ಆದ್ರೂ ಅದನ್ನ ಮೊದ್ಲೇ ಹೇಳಿ, ಬೇಕೋ ಬೇಡ್ವೋ ಅಂತ ನಿಮ್ಮನ್ನ ಕೇಳ್ಬೇಕಿತ್ತು."

"ಆ ಕಟಕ್ ಅಂದಿದ್ದು? ಎಲುಬು ಸರಿ ಕೂತಿದ್ದಲ್ವಾ?" ಎಂದೆ ನಾನು.

"ಕೀಲಿನೊಳಗಿನ ಗಾಳಿ ಗುಳ್ಳೆ. ಬೆರಳು ನಟಿಕೆ ತೆಗೀತೀರಲ್ಲ, ಅದೇ ಸದ್ದು."

ಒಂದು ಗುಳ್ಳೆಯ ಸದ್ದಿಗೆ ಅಷ್ಟು ಜನ ಚಪ್ಪಾಳೆ ತಟ್ಟಿದ್ದರು.

ಕತ್ತಿಗೆ ಪಟ್ಟಿ ಹಾಕಿಸಿಕೊಂಡು ತಂಗಿಯ ಮನೆಯಲ್ಲೇ ಉಳಿದೆ. ಒಂದು ಮಧ್ಯಾಹ್ನ ಪಕ್ಕದ ಮನೆಯವಳು ನಗುತ್ತಾ ಬಂದು, "ಅಕ್ಕಾ, ನೀವು ಫೋನಲ್ಲಿ ಬಂದಿದ್ದೀರಿ! ಪೂರ್ತಿ ಗುಣ ಆಯ್ತಂತಲ್ಲ?" ಎಂದಳು. ಪಟ್ಟಿ ಕಂಡು ಅವಳ ನಗು ಅಲ್ಲೇ ನಿಂತಿತು. ನಾನು ಫೋನ್ ಕಸಿದುಕೊಂಡೆ.

ಮಂಚದ ಮೇಲೆ ನಾನು. ಸರಿದ ಸೆರಗು, ಬಾಯಿ ತೆರೆದ ಮುಖ. ಆ ಸದ್ದನ್ನು ಎರಡೆರಡು ಸಲ, ನಿಧಾನ ಮಾಡಿ ಕೇಳಿಸಿದ್ದರು. ನನ್ನ ಕಣ್ಣೀರನ್ನು ಹತ್ತಿರದಿಂದ ತೋರಿಸಿ ಕೆಳಗೆ ಬರೆದಿದ್ದರು: "ವರ್ಷಗಳ ನೋವು ಒಂದೇ ಕ್ಷಣದಲ್ಲಿ ಮಾಯ. ತಾಯಿಯ ಆನಂದಬಾಷ್ಪ." ತಲೆ ತಿರುಗುತ್ತಿದೆ ಎಂದ ನನ್ನ ಮಾತನ್ನು ಕತ್ತರಿಸಿ ಹಾಕಿದ್ದರು. ಕೆಳಗೆ ಜನ ಕೈ ಮುಗಿದ ಚಿತ್ರಗಳನ್ನು ಹಾಕಿ, ವಿಳಾಸ ಕೇಳಿದ್ದರು.

ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ವಿಡಿಯೋ ತೆಗೆದ ಹೆಂಗಸೇ ಇರಬೇಕು, "ಮೇಡಂ, ಇನ್ನೊಂದ್ಸಲ ಬನ್ನಿ, ಫ್ರೀಯಾಗಿ ಮಾಡ್ಕೊಡ್ತೀವಿ. ಮುಂದಿನ ಭಾನುವಾರ ತೀರ್ಥಹಳ್ಳೀಲಿ ಇರ್ತೀವಿ," ಎಂದಳು.

"ಬರ್ತೀನಿ," ಎಂದೆ.

ತಂಗಿ ಬೇಡವೆಂದಳು. ಅವಳ ಗಂಡ ಮರ್ಯಾದೆಯ ಮಾತಾಡಿದ. ಯಾರ ಮರ್ಯಾದೆ? ನನ್ನ ಅಳುವನ್ನು ಬೀದಿಯಲ್ಲಿಟ್ಟು ಮಾರುತ್ತಿದ್ದವನದೇ? ಭಾನುವಾರ ಬೆಳಿಗ್ಗೆ ಬಸ್ ಹತ್ತಿದೆ. ತಂಗಿ ಮುಖ ಊದಿಸಿಕೊಂಡೇ ಹಿಂದಿನಿಂದ ಬಂದು ಪಕ್ಕದಲ್ಲಿ ಕೂತಳು.

ತೀರ್ಥಹಳ್ಳಿಯ ಶಿಬಿರದ ಹಾಲ್‌ನಲ್ಲಿ ಕಾಯುವವರ ಎದುರಿಗೆ ಟಿವಿ ಇಟ್ಟಿದ್ದರು. ಅದರಲ್ಲಿ ನನ್ನ ಮುಖವೇ ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಬೆನ್ನು ಬಾಗಿದ ಅಜ್ಜಿಯೊಬ್ಬರು ಮಗನ ಜೊತೆ ಕೂತಿದ್ದರು; ಹತ್ತಿರದ ಮೇಳಿಗೆ ಊರಿನವರಂತೆ. ನಾನು ಟಿವಿಯ ಪಕ್ಕ ಹೋಗಿ ನಿಂತೆ.

"ಇಲ್ಲಿ ಅಳ್ತಿರೋಳು ನಾನೇ," ಎಂದೆ. "ಆನಂದಕ್ಕಲ್ಲ, ನೋವಿಗೆ. ನನ್ನ ಕತ್ತು ನೋಡಿ. ಈ ಕೈಯಲ್ಲಿ ಈಗ ಉಳಿ ನಿಲ್ಲಲ್ಲ."

ಹಾಡು ನಿಂತಿತು. ಅವನು ವೇದಿಕೆಯಿಂದ ಇಳಿದು ಬಂದ. "ಅಮ್ಮಾ, ಒಳಗೆ ಬನ್ನಿ, ಮಾತಾಡೋಣ."

"ಇಲ್ಲೇ ಮಾತಾಡು. ಅವತ್ತು ಎಲ್ಲರ ಮುಂದೆ ತಾನೇ ಕತ್ತು ಜಗ್ಗಿದ್ದು? ನೀನು ಓದಿದ್ದೆಲ್ಲಿ?"

"ನಮ್ಮದು ಸರ್ಟಿಫಿಕೇಟ್ ಕೋರ್ಸ್ ಆಗಿದೆ."

"ಎಲ್ಲಿ? ಎಷ್ಟು ಕಾಲ?"

ಅವನು ಜನರ ಕಡೆ ತಿರುಗಿದ. "ನೋಡಿ, ನಂಬಿಕೆ ಇಲ್ದವ್ರಿಗೆ ಯಾವ ಚಿಕಿತ್ಸೆಯೂ ಹತ್ತಲ್ಲ."

ನಾನು ಅಜ್ಜಿಯ ಹತ್ತಿರ ಬಗ್ಗಿದೆ. "ಅಮ್ಮಾ, ಮೂಳೆ ಏನಾದ್ರೂ ಮುರಿದಿತ್ತಾ?"

"ಹೋದ ವರ್ಷ ಬಚ್ಚಲಲ್ಲಿ ಕೈ ಊರಿದ್ದಷ್ಟೆ, ಮಣಿಕಟ್ಟು ಮುರೀತು. ಮೂಳೆ ಸವೆದಿದೆ ಅಂದ್ರು ಡಾಕ್ಟ್ರು."

"ಇವರಿಗೆ ಹೇಳಿದ್ರಾ?"

"ಕೇಳ್ಲೇ ಇಲ್ವಲ್ಲ."

ಅದನ್ನು ಕೇಳಿ ಮಗ ಎದ್ದು ನಿಂತ. ತಾಯಿಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿಕೊಂಡು ಹೊರಗೆ ನಡೆಸಿಕೊಂಡು ಹೋದ. ಅವರ ಹಿಂದೆ ಕೆಲವರು ಎದ್ದರು. ಎಲ್ಲರೂ ಏಳಲಿಲ್ಲ. ಹಿಂದಿನ ಸಾಲಿನ ಗಂಡಸೊಬ್ಬ, "ನಿಮಗಾಗ್ಲಿಲ್ಲ ಅಂತ ನಮಗೂ ಆಗೋದಿಲ್ವಾ? ಜಾಗ ಬಿಡಿ," ಎಂದು ಗದರಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕೂರಲಾಗದೆ ಒಂದು ಪಕ್ಕಕ್ಕೆ ವಾಲಿಕೊಂಡಿದ್ದ ಪಾಪದವನು. ಆ ನೋವನ್ನು ಕಂಡೇ ಅಲ್ಲವೇ ಇವರು ಊರೂರಿಗೆ ಬರುವುದು?

ತಂಗಿ ಅಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದವಳು, ಸೀದಾ ಬಂದು ಟಿವಿಯ ವೈರ್ ಕಿತ್ತಳು. "ನಮ್ಮಕ್ಕನ ವಿಡಿಯೋ ಇವತ್ತೇ ತೆಗೀಬೇಕು. ಇಲ್ದಿದ್ರೆ ಇಲ್ಲಿಂದ ಸೀದಾ ಸ್ಟೇಷನ್ನಿಗೆ ಹೋಗ್ತೀನಿ," ಎಂದಳು. ಫೋನಿನ ಹೆಂಗಸು ನಮ್ಮೆದುರೇ ಅದನ್ನು ಅಳಿಸಿದಳು. ಅಳಿಸಿದರೇನು, ಜನ ಹಂಚಿಕೊಂಡದ್ದು ಈಗಲೂ ಎಲ್ಲೋ ಓಡಾಡುತ್ತಿದೆ.

ಆಪರೇಷನ್ ಬೇಕಾಗಲಿಲ್ಲ. ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮ ಮಾಡಿ ಮಾಡಿ ಹಿಡಿತ ಸುಮಾರಾಗಿ ಬಂತು. ಈಗ ಎತ್ತರದ ಮೇಜಿನ ಮೇಲೆ ಮರವಿಟ್ಟುಕೊಂಡು ಕೆತ್ತುತ್ತೇನೆ. ಬಳ್ಳಿ, ಎಲೆ, ಆನೆಯ ಮೈ ಎಲ್ಲ ಆಗುತ್ತದೆ. ಮೂರ್ತಿಯ ರೆಪ್ಪೆ, ತುಟಿಯ ಗೆರೆ ಮಾತ್ರ ಆಗುವುದಿಲ್ಲ. ಅಪ್ಪ ನನ್ನ ಕೈ ಹಿಡಿದು ಕಲಿಸಿದ್ದೇ ಅದನ್ನು. ಮುಖ ಬಂದಾಗ ಬೇರೆಯವರಿಗೆ ಕೊಡುತ್ತೇನೆ, ಕೊಡುವಾಗ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಮೊನ್ನೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಪರಿಚಯದ ಹೆಂಗಸೊಬ್ಬಳು ತಡೆದು ನಿಲ್ಲಿಸಿದಳು. ಗಂಡನಿಗೆ ಬೆನ್ನು ನೋವಂತೆ, ಬೇರೆ ಯಾವುದೋ ಊರಿನಲ್ಲಿ ಇಂಥದೇ ಶಿಬಿರವಂತೆ. "ಕರ್ಕೊಂಡು ಹೋಗ್ಲಾ ಬೇಡ್ವಾ, ನೀವೇ ಹೇಳಿ."

"ಬೇಡ ಅನ್ನಕ್ಕೆ ನಾನ್ಯಾರೇ? ಮೊದ್ಲು ಡಾಕ್ಟ್ರಿಗೆ ತೋರ್ಸು. ಆಮೇಲೂ ಹೋಗೋದಾದ್ರೆ, ಅವನು ಎಲ್ಲಿ ಓದಿದಾನೆ ಕೇಳು. ಇವರ ಹಳೇ ಕಾಯಿಲೆ, ಮಾತ್ರೆ, ಎಲ್ಲ ಕೇಳ್ತಾನಾ ನೋಡು. ಏನು ಮಾಡ್ತೀನಿ, ಏನು ಅಪಾಯ ಅಂತ ಬಾಯಿ ಬಿಟ್ಟು ಹೇಳ್ತಾನಾ ನೋಡು. ಹೇಳ್ದೇ ಮಲಗು ಅಂದ್ರೆ, ಎಬ್ಸಿ ಕರ್ಕೊಂಡು ಬಾ. ಯಾರಾದ್ರೂ ಫೋನ್ ಹಿಡಿದ್ರೆ ಕಸ್ಕೊ."

ನನ್ನ ಧ್ವನಿ ಎಷ್ಟು ಏರಿತ್ತೆಂದರೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವಳು ಕಕ್ಕಾಬಿಕ್ಕಿಯಾಗಿ ತಲೆಯಾಡಿಸಿದಳು. ಬಸ್ ಬಂತು, ಹತ್ತುವ ಮೊದಲು ಮತ್ತೊಮ್ಮೆ ತಿರುಗಿ, "ಎಲ್ಲಿ ಓದಿದ್ದು ಅಂತ ಮೊದ್ಲು ಕೇಳ್ಬೇಕಲ್ವಾ?" ಎಂದು ಕೂಗಿ ಕೇಳಿದಳು.

"ಮೊದ್ಲು ಡಾಕ್ಟ್ರಿಗೆ ತೋರ್ಸೇ!" ಎಂದು ನಾನೂ ಕೂಗಿದೆ.