ಬಾದಾಮಿ ಬಂಡೆಗೆ ವಿಭೂತಿ

ಗೆಳೆಯರೇ, ನಾಳೆ ಬಾದಾಮಿಯಲ್ಲಿ ಬಂಡೆ ಹತ್ತಲು ಹೊರಟಿದ್ದೇನೆ. ಅಂಗೈ ಬೆವರಿ ಜಾರದಂತೆ ಹಚ್ಚಿಕೊಳ್ಳುವ ಬಿಳಿ ಪುಡಿ ತನ್ನಿ ಎಂದಿದ್ದರು ಗೈಡ್. ಇಳಕಲ್ಲಿನ ಅಂಗಡಿಗಳಲ್ಲಿ ಸಿಗಲಿಲ್ಲ. ಸಂಜೆ ಮನೆಗೆ ಬಂದರೆ, ಅವ್ವ ವಿಭೂತಿ ಗಟ್ಟಿ ಕುಟ್ಟಿ ಚೀಲ ತುಂಬಿದ್ದಾಳೆ!

ಮೇಲೆ ಕರಾರು ಬೇರೆ: "ಕೈಯಾಗಿನ ವಿಭೂತಿ ಕಲ್ಲಿಗಿ ಹತ್ತತೈತಿ. ಅದರ ಮ್ಯಾಲ ಬೂಟಗಾಲು ಇಡಬ್ಯಾಡ. ಬರಿಗಾಲಿಲೆ ಹತ್ತು."

ಗೈಡ್‌ಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

"ಅವ್ವಾರ, ಬೂಟಿಲ್ಲದ ಹತ್ತಿಸಂಗಿಲ್ರಿ," ಎಂದರು.

ಅವ್ವ ಸೋಲಲಿಲ್ಲ. "ಹಂಗಾರ ಕೆಳಗ ನಿಂತು, ಕಲ್ಲಿಗಿ ಮೂರು ಬೆರಳು ವಿಭೂತಿ ಹಚ್ಚಿ, ಕೈ ಮುಗದು ಬರ್ಲಿ."

ಗೈಡ್ ಯೋಚಿಸಿ ಹೇಳಿದರು: "ಆತ್ರಿ. ಅದಕ್ಕ ಹಗ್ಗಾನೂ ಬೇಕಾಗಂಗಿಲ್ಲ."

ಬಂಡೆ ಹತ್ತಲು ಹೊರಟವನು ನಾಳೆ ಬಂಡೆಗೆ ವಿಭೂತಿ ಹಚ್ಚಿ ಬರಲಿದ್ದೇನೆ.