ದುಡ್ಡು ಕೊಟ್ಟು ತಂದ ಭಾರ

ಭಾರವನ್ನೂ ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತದೆಂದು ತಿಳಿಯಲು ನನಗೆ ಅರವತ್ತು ದಾಟಬೇಕಾಯಿತು. ನಮ್ಮಪ್ಪನಿಗೆ ಅದು ಪುಕ್ಕಟೆ ಸಿಗುತ್ತಿತ್ತು. ಹೊತ್ತರೆ ಮೇಲಿಂದ ಕೂಲಿಯನ್ನೂ ಕೊಡುತ್ತಿದ್ದರು. ಮಲೆಬೆನ್ನೂರಿನ ಅಕ್ಕಿ ಗಿರಣಿಯಲ್ಲಿ ಭತ್ತದ ಚೀಲ ಹೊತ್ತೂ ಹೊತ್ತೂ ಅವರ ಒಂದು ಹೆಗಲು ಜಡ್ಡುಗಟ್ಟಿತ್ತು. ಸಂಜೆ ಮನೆಗೆ ಬಂದರೆ ಮೈಯೆಲ್ಲ ತೌಡಿನ ಧೂಳು, ಗೋಣಿಯ ವಾಸನೆ. ನಾನು ಹುರುಪಿನಿಂದ ಚೀಲದ ಮೂಲೆ ಹಿಡಿದರೆ ಗದರುತ್ತಿದ್ದರು: “ನೀ ಪೆನ್ನು ಎತ್ತಲೇ, ಸಾಕು. ಚೀಲ ನಾ ಎತ್ತತೀನಿ.”

ಪೆನ್ನನ್ನೇ ಎತ್ತಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನೇ. ಹರಿಹರದ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಗಳಿಸಿದ ಬಿ.ಎ. ಅದು, ಹೇಳಿಕೊಳ್ಳಲು ಈಗಲೂ ಸಂಕೋಚವಿಲ್ಲ. ಆಮೇಲೆ ದಾವಣಗೆರೆಯ ಕಚೇರಿಯೊಂದರಲ್ಲಿ ಫೈಲಿಗಿಂತ ಭಾರವಾದದ್ದೇನನ್ನೂ ಎತ್ತದೆ ನಿವೃತ್ತನಾದೆ. ಅಪ್ಪನ ಮಾತನ್ನು ಇಷ್ಟು ಚಾಚೂ ತಪ್ಪದೆ ನಡೆಸಿದ ಮಗ ಇನ್ನೊಬ್ಬನಿರಲಾರ.

ಸೊಂಟದ ಆಪರೇಷನ್ ಆದ ಮೇಲೆ ಅವ್ವನನ್ನು ಮಂಚದಿಂದ ಎಬ್ಬಿಸಿ ಕುರ್ಚಿಗೆ ಕೂಡಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಬೆಳಿಗ್ಗೆ ಅರ್ಧ ಎತ್ತುವಷ್ಟರಲ್ಲಿ ತೋಳು ನಡುಗಿ, ಇಬ್ಬರೂ ಮಂಚದ ಮೇಲೇ ಕುಸಿದೆವು. “ಬಿಎ ಓದಿದ್ದಕ್ಕೆ ಇಷ್ಟೇ ಏನಪ್ಪಾ ಶಕ್ತಿ?” ಎಂದು ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಇನ್ನೊಮ್ಮೆ ನೆಲಕ್ಕೆ ಬಿದ್ದರೆ ಆಕೆ ಏಳುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು.

ಹಾಗಾಗಿ ವ್ಯಾಯಾಮದ ಸಾಮಾನಿನ ಅಂಗಡಿ ಮೆಟ್ಟಿಲು ಹತ್ತಿದೆ. “ಬರ್ರಿ ಸರ್, ಬೆಂಚ್ ಸಮೇತ ಫುಲ್ ಸೆಟ್ ಐತೆ, ತಗೊಂಡ್ಬಿಡ್ರಿ” ಎಂದ ಅಂಗಡಿಯವನು. ಬೆಂಚು ಕೊಂಡವರ ಮನೆಗಳನ್ನು ನಾನು ಬಲ್ಲೆ; ಅದರ ಮೇಲೆ ಟವೆಲ್ಲು ಒಣಗುತ್ತಿರುತ್ತದೆ. ಬೇಡವೆಂದೆ. ಕಬ್ಬಿಣದ ಬಿಲ್ಲೆಗಳನ್ನು ಹಾಕಿ ತೆಗೆಯಲು ಬರುವ ಒಂದು ಜೊತೆ ಡಂಬೆಲ್ಸ್, ಎಳೆಯಲು ಒಂದು ರಬ್ಬರ್ ಪಟ್ಟಿ, ಇಷ್ಟೇ ಆರಿಸಿದೆ. ಶಕ್ತಿ ಬಂದಂತೆಲ್ಲ ಬಿಲ್ಲೆ ಏರಿಸಿದರಾಯಿತು, ಹೊಸ ಜೊತೆ ಕೊಳ್ಳುವ ಖರ್ಚಿಲ್ಲ. ಹುಡುಗ ಬೆಳೆದಂತೆ ಬಿಚ್ಚಲೆಂದು ಚಡ್ಡಿಗೆ ಒಳಮಡಿಕೆ ಇಟ್ಟು ಹೊಲಿಸುತ್ತಿದ್ದರಲ್ಲ, ಅದೇ ಬುದ್ಧಿವಂತಿಕೆ. ನಿಜ ಹೇಳಬೇಕೆಂದರೆ ನಮ್ಮೂರ ಗರಡಿಯ ಗುಂಡುಕಲ್ಲು ಇದಕ್ಕಿಂತ ಅಗ್ಗ. ಅದನ್ನು ತಾತಂದಿರೂ ಎತ್ತಿದ್ದರು, ಮೊಮ್ಮಕ್ಕಳೂ ಎತ್ತಿದರು. ಕಲ್ಲು ಒಂದಿಷ್ಟೂ ಸವೆಯಲಿಲ್ಲ. ಆದರೆ ಕಲ್ಲು ಕೈಜಾರಿ ಬಿದ್ದರೆ ತಾಳಿಕೊಳ್ಳಲು, ಗರಡಿಯ ಕೆಮ್ಮಣ್ಣಿಗಿದ್ದ ತಾಳ್ಮೆ ನಮ್ಮ ಮನೆಯ ಟೈಲ್ಸಿಗಿಲ್ಲ.

ದಿನಾ ಮಂಚದ ಪಕ್ಕದಲ್ಲೇ ನನ್ನ ಕಸರತ್ತು. ನೋಡಿ ನೋಡಿ ಅವ್ವ ಒಮ್ಮೆ ಹೇಳಿದಳು: “ನಿಮ್ಮಪ್ಪ ಎತ್ತಿದ್ರೆ ಲಾರಿನಾದ್ರೂ ತುಂಬ್ತಿತ್ತು. ನೀ ಏನೋ, ಎತ್ತಿ ಎತ್ತಿ ಮತ್ತೆ ಅಲ್ಲೇ ಇಡ್ತೀಯ!”

ಅದುವರೆಗೆ ಆಕೆಯನ್ನು ಎಬ್ಬಿಸಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದೆ. ಕೆಲವು ವಾರಗಳಾದ ಮೇಲೆ, ಇನ್ನು ತೋಳನ್ನು ನಂಬಬಹುದೆನಿಸಿ, ಅವ್ವನನ್ನು ಒಬ್ಬನೇ ಎತ್ತಲು ಬಾಗಿದೆ. ಆಕೆ ತಡೆದಳು. “ತಡಿಯೋ. ಗಿರಣಿಯಾಗೆ ಚೀಲನ ಒಬ್ನೇ ಹೆಗಲಿಗೆ ಏರಿಸ್ಕೊಂಡಿದ್ದು ನೋಡೀಯೇನು? ಇನ್ನೊಬ್ರು ಕೈ ಹಚ್ಚಬೇಕು.”

“ಮನೇಲಿ ಯಾರಿದಾರವ್ವಾ ಕೈ ಹಚ್ಚೋಕೆ?”

“ಯಾಕ, ನಾ ಇಲ್ಲೇನು?”

ಒಂದು ಕೈ ನನ್ನ ಕೊರಳಿಗೆ ಹಾಕಿ, ಇನ್ನೊಂದನ್ನು ಮಂಚಕ್ಕೆ ಊರಿ, ನನ್ನೊಂದಿಗೇ ಉಸಿರು ಬಿಗಿಹಿಡಿದು ಎದ್ದಳು. ತೋಳು ನಡುಗಲಿಲ್ಲ. ಕುರ್ಚಿಯಲ್ಲಿ ಕೂತವಳೇ ಸೆರಗು ಸರಿಮಾಡಿಕೊಂಡು ಚಾ ಕೇಳಿದಳು.

ಕಬ್ಬಿಣದ ಬಿಲ್ಲೆಗಳ ಉಪಕಾರವನ್ನು ನಾನು ಮರೆಯುವುದಿಲ್ಲ. ಆದರೆ ಎತ್ತುವವನ ಕಷ್ಟ ಕಂಡು ತಾನೇ ಒಂದಿಷ್ಟು ಹಗುರಾಗುವ ಭಾರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.